ಗುಂಡು ಹಾರದ ಬಂದೂಕು

ನಮ್ಮ ಮಾಮಾ ಮನೆಯಲ್ಲೇ ಕೂತು ಬಂದೂಕು ಮಾಡಿದರು ಎಂದರೆ ದಯವಿಟ್ಟು ಪೊಲೀಸರಿಗೆ ಫೋನು ಹಚ್ಚಬೇಡಿ! ಅದು ಕಟ್ಟಿಗೆಯದು, ಗುಂಡು ಹಾರದ್ದು. ಹೆದರಬೇಕಾದ ಸಂಗತಿ ಬೇರೆಯೇ ಇತ್ತು: ಅಲ್ಲಿಯವರೆಗೆ ಅವರು ಗೋಡೆಗೆ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆದವರಲ್ಲ.

ಮೇಲವಂಕಿಯಲ್ಲಿ, ದಾರಿ ಕೂಡುವಲ್ಲಿ, ಗಿಡ್ಡ ಕಟ್ಟೆಯ ಮೇಲೆ ಮಾಮಾನ ಅಣ್ಣನ ಸಿಮೆಂಟಿನ ಮೂರ್ತಿ ಇದೆ. ಅಣ್ಣ ಸೈನಿಕ; ನಾನು ಹುಟ್ಟುವ ಮೊದಲೇ ಗಡಿಯಲ್ಲಿ ತೀರಿಕೊಂಡವರು. ಹೋದ ವರ್ಷ ಕಬ್ಬಿನ ಟ್ರೇಲರ್ ತಾಗಿ ಮೂರ್ತಿಯ ಬಂದೂಕು ಮುರಿದುಬಿತ್ತು. ಖಾಲಿ ಮುಷ್ಟಿಗೆ ಯಾರೋ ಪುಣ್ಯಾತ್ಮರು ಒಂದು ಕಬ್ಬು ಸಿಕ್ಕಿಸಿದರು! ಊರೆಲ್ಲ ನಕ್ಕಿತು. ಮಾಮಾ ಕಬ್ಬನ್ನು ಕಿತ್ತೆಸೆದರು. ಆದರೆ ದಿನಾ ಸಂಜೆ ಮಗನ ಹತ್ತಿರ ಹೋಗಿ ಕೂರುತ್ತಿದ್ದ ಅಜ್ಜಿ ಆ ಕಡೆ ಕಾಲಿಡುವುದನ್ನೇ ಬಿಟ್ಟಳು. ಅವ್ವ ಮತ್ತೆ ಅಲ್ಲಿಗೆ ಬರಬೇಕು ಎಂಬುದೊಂದೇ ಮಾಮಾನ ಹಟ.

ಗೋಕಾಕದ ಗೊಂಬೆ ಮಾಡುವವರಿಂದ ಅರ್ಧ ಕೆತ್ತಿದ ಕಟ್ಟಿಗೆ, ನಳಿಗೆಗೆ ಒಂದು ಕೊಳವೆ, ಐದು ಸ್ಕ್ರೂ ಬಂದವು. "ಪೂರಾ ಮಾಡೇ ಕೊಡ್ತೇವ್ರಿ" ಎಂದರಂತೆ ಅವರು. "ಬ್ಯಾಡ್ರಿ, ಅಣ್ಣ ನಮ್ಮಾಂವ" ಎಂದರಂತೆ ಇವರು.

ಸ್ಕ್ರೂಡ್ರೈವರಿಗಾಗಿ ಹುಕ್ಕೇರಿಗೆ ಮೂರು ಸಲ ಹೋದರು. ಅದರ ತುದಿ ಸ್ಕ್ರೂವಿನ ಗೀರಿನಲ್ಲಿ ಅಲುಗದೆ ಕೂರಬೇಕಂತೆ! ಅಂಗಡಿಯವನಿಗೆ ಸಾಕಾಗಿ, "ಯಜಮಾನ್ರ, ಒಂದ್ ಸ್ಕ್ರೂ ತಿರುವಾಕ ಇಷ್ಟ ಯಾಕ್ರಿ?" ಎಂದ.

"ಚಪ್ಪಲ ತಗೊಳ್ಳಾಗ ನೀ ಕಾಲ ನೋಡಂಗಿಲ್ಲೇನ?"

ಕಟ್ಟಿಗೆಯನ್ನು ಕಚ್ಚಿ ಹಿಡಿಯುವ ವೈಸು ಮೂಡಲಗಿಯಿಂದ ಬಂದು ಊಟದ ಮೇಜನ್ನೇ ಹಿಡಿಯಿತು. ಕಟ್ಟಿಗೆಗೆ ನೋವಾಗಬಾರದೆಂದು ಅದರ ದವಡೆಗೆ ಅತ್ತೆಯ ಇಳಕಲ್ ಸೀರೆಯ ಸೆರಗು! ನಾನು ಹೋದಾಗಲೆಲ್ಲ ನೆಲದ ಮೇಲೇ ಊಟ.

ಇನ್ನು ಕೊಳವೆ ಕಟ್ಟಿಗೆಯ ತೋಡಿನಲ್ಲಿ ಸರಿಯಾಗಿ ಕೂರಬೇಕಲ್ಲ? ಮಾಮಾ ಕೊಳವೆಗೆ ವಿಭೂತಿ ಬಳಿದು ಒತ್ತುತ್ತಿದ್ದರು. ಬಿಳಿ ಅಂಟಿದ ಜಾಗ ಉಬ್ಬಿದೆ ಎಂದರ್ಥ; ಅಲ್ಲಿ ಉಳಿಯಿಂದ ಕೂದಲೆಳೆಯಷ್ಟು ಕೆತ್ತುವುದು, ಮತ್ತೆ ವಿಭೂತಿ, ಮತ್ತೆ ಒತ್ತುವುದು. ಅತ್ತೆ ಹೌಹಾರಿದರು.

"ಅಲ್ರಿ, ಪೂಜಾದ ವಿಭೂತಿ ಬಂದೂಕಕ್ಕ ಹಚ್ಚೂದೇನ್ರಿ!"

"ಹಣಿಗಿ ಹಚ್ಚಿದ್ರ ನನ್ನ ತಪ್ಪ ಎಲ್ಲೈತಿ ಅಂತ ಅದು ತೋರಸಂಗಿಲ್ಲ. ಇಲ್ಲಿ ತೋರಸ್ತೈತಿ."

ಅರದಿಂದ ಉಜ್ಜಿ, ಅಗಸೆ ಎಣ್ಣೆ ಕುಡಿಸಿ ಮುಗಿಸುವಷ್ಟರಲ್ಲಿ ನಾಲ್ಕು ತಿಂಗಳು, ಮೂರು ಗಟ್ಟಿ ವಿಭೂತಿ. ಖರೆ ಹೇಳುತ್ತೇನೆ, ಬಂದೂಕು ಚೆನ್ನಾಗಿತ್ತು. ಮೂರ್ತಿಯ ಮುಷ್ಟಿಯಲ್ಲಿ ಅದನ್ನು ಬಿಗಿದು, ಮಾಮಾ ಅಜ್ಜಿಯನ್ನು ಕೈಹಿಡಿದು ಕರೆತಂದರು.

"ಯವ್ವಾ, ಹ್ಯಾಂಗೈತಿ?"

ಅಜ್ಜಿ ಬಂದೂಕಿನ ಮೇಲೆ ಒಮ್ಮೆ ಕೈಯಾಡಿಸಿದಳು.

"ಚೊಲೋ ಮಾಡೀಯಪಾ. ಆದ್ರ ಇದನ್ನ ಹಿಡದ ನಿಂತ ನಿಂತ ಅವಗ ಸಾಕಾಗೇತಿ. ಕೈ ಖಾಲಿ ಆದ ದಿನ ನನಗ ಹಗುರ ಅನಸಿತ್ತು, ಮನಿಗಿ ಬಂದಾನ ಅಂತ. ಕಬ್ಬ ಸಿಗಿಸಿ ನಕ್ಕರಲಾ, ಅದಕ್ಕ ಬರೂದ ಬಿಟ್ಟೆ. ತಗದ ಬಿಡಪಾ ಇದನ್ನ."

ಒಂದೊಂದು ಸ್ಕ್ರೂವಿಗೂ ವಾದಕ್ಕೆ ನಿಲ್ಲುವ ಮನುಷ್ಯ ಈಗ ಏನನ್ನಬಹುದು? ಮಾಮಾ ಬಂದೂಕನ್ನು ಬಿಚ್ಚಿ ಮೆಲ್ಲಗೆ ನೆಲಕ್ಕಿಟ್ಟರು. ಅಜ್ಜಿ ಹಿರಿಯ ಮಗನ ಖಾಲಿ ಮುಷ್ಟಿಯೊಳಗೆ ತನ್ನ ಕೈ ತೂರಿಸಿ ನಿಂತಳು. ಅಣ್ಣ ಸತ್ತಾಗಲೂ ಅಳದಿದ್ದ ಮಾಮಾ, ಅರವತ್ತು ದಾಟಿದ ಮಾಮಾ, ಅವ್ವನ ಹೆಗಲಿಗೆ ಹಣೆ ಹಚ್ಚಿ ಅತ್ತುಬಿಟ್ಟರು.