ಪದಬಂಧದ ಕೊನೆಯ ಮೂರು ಮನೆ

ಕಾಗವಾಡದ ಲಗಮಣ್ಣನ ಹೆಸರು ಒಮ್ಮೆಯಾದರೂ ಪೇಪರಿನಲ್ಲಿ ಬರಬೇಕಿತ್ತು. ಅಥಣಿಯ ಮಾವ ಮುರಗೆಪ್ಪ ಪೇಪರನ್ನು ಮೊದಲ ಸಾಲಿನಿಂದ ಮುದ್ರಕರ ವಿಳಾಸದವರೆಗೆ ಓದುವವರು. ಅದರಲ್ಲಿ ಹೆಸರಿಲ್ಲದ ಅಳಿಯನನ್ನು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಭಾನುವಾರದ ಪದಬಂಧವನ್ನು ಬಿಡಿಸಿ ಮೊದಲು ಫೋಟೊ ಕಳಿಸಿದವರ ಹೆಸರು ಮರುದಿನ ಅಚ್ಚಾಗುತ್ತಿತ್ತು. ಲಗಮಣ್ಣ ಪೆನ್ನು ಹಿಡಿದು ಜ್ಞಾನದೇವನ ಕಟಿಂಗ್ ಅಂಗಡಿಯಲ್ಲಿ ಕೂತ. ಗಡ್ಡವೂ ಆದೀತು, ಪೇಪರೂ ಪುಕ್ಕಟೆ.

ಎಲ್ಲ ತುಂಬಿ ಒಂದೇ ಉಳಿಯಿತು: 'ಉದ್ದ ಬರಹವನ್ನು ಚಿಕ್ಕದು ಮಾಡುವುದು', ಮೂರಕ್ಷರ.

"ಮೊಟಕು ಅಂತ ಬರಿಯೋ," ಎಂದ ಪಾಳಿ ಕಾಯುತ್ತಿದ್ದ ಮುದುಕ ಜಕ್ಕಪ್ಪ.

"ಸಾರಾಂಶ ಅದು. ಸಾಲ್ಯಾಗ ನಾ ಭಾಳ ಬರದೇನಿ," ಎಂದ ಔಷಧಿ ಅಂಗಡಿಯ ಸುಜಯ.

"ಕಟಿಂಗ ಅಂತನೂ ಕುಂದರತೈತಿ ನೋಡ್ರಿ," ಎಂದ ಜ್ಞಾನದೇವ, ಲಗಮಣ್ಣನ ಅರ್ಧ ಗಡ್ಡಕ್ಕೆ ಕತ್ತಿ ನಿಲ್ಲಿಸಿ.

ಮೂವರೂ ಪೆನ್ನು ಕಸಿದು ಬರೆದು ಹೊಡೆದುಹಾಕಿ, ಆ ಮೂರು ಮನೆ ಕಾಕಂಬಿ ಚೆಲ್ಲಿದಂತೆ ಕಪ್ಪಾದವು.

"ತಡೀರಿ. ಮ್ಯಾಲಿಂದ 'ದೀಪ' ಇಳಿದೈತಿ. ಕಡೀ ಅಕ್ಷರ 'ಪ' ಆಗಬೇಕು," ಎಂದ ಲಗಮಣ್ಣ, ಕೆನ್ನೆಯ ನೊರೆ ಒಣಗುವ ತನಕ ಯೋಚಿಸಿದ. "ಸಂಕ್ಷೇಪ."

"ನಾ ಅದನ್ನಽ ಹೇಳಾವಿದ್ದೆ," ಎಂದ ಸುಜಯ.

ಲಗಮಣ್ಣ ಉತ್ತರವನ್ನು ಅಂಚಿನಲ್ಲಿ ದಪ್ಪಗೆ ಬರೆದು, ಕೆಳಗೆ ಹೆಸರು ಬರೆಯಹೋದ.

"ನಾ ಮೊಟಕು ಅನ್ನದಿದ್ರ ನಿನಗ ಅದು ಹೊಳೀತಿತ್ತೇನು? ನನ್ನ ಹೆಸರೂ ಹಾಕು," ಎಂದ ಜಕ್ಕಪ್ಪ.

ಹಾಕದೆ ಗತ್ಯಂತರವಿರಲಿಲ್ಲ. ನಮ್ಮ ಕಡೆ ಎಮ್ಮೆ ಈದರೂ ಫ್ಲೆಕ್ಸಿನಲ್ಲಿ ಓಣಿಯವರ ಹೆಸರೆಲ್ಲ ಇರಬೇಕು. ಒಂದು ಬಿಟ್ಟರೆ ಆ ಮನೆಯ ಜೊತೆ ಮಾತು ಬಂದ್. ಫೋಟೊ ತೆಗೆದು ಕಳಿಸುವಂಥ ಮೊಬೈಲ್ ಇದ್ದದ್ದು ಸುಜಯನ ಬಳಿ ಮಾತ್ರ, ಅವನ ಹೆಸರು ಮೊದಲು. ಜಕ್ಕಪ್ಪ ಹಿರಿಯ. ಪೇಪರ್ ಜ್ಞಾನದೇವನದು. ಊಟಕ್ಕೆ ಕರೆದವನೇ ಮೊದಲ ಪಂಕ್ತಿಗೆ ಕೂರಬಾರದೆಂದು ಲಗಮಣ್ಣ ತನ್ನ ಹೆಸರನ್ನು ಕೊನೆಗೆ ಬರೆದ. ಉಳಿದರ್ಧ ಗಡ್ಡ ಎಲ್ಲರಿಗೂ ಮರೆತೇಹೋಯಿತು.

ಮರುದಿನ ಬೆಳಿಗ್ಗೆಯೇ ಮಾವನ ಫೋನು.

"ಪೇಪರ್ ನೋಡಿದೆ ಅಳಿಯಾರ. ನಿಮ್ಮೂರ ಹೆಸರು ಬಂದೈತಿ."

"ಹೌದ್ರಿ ಮಾವಾರ," ಎನ್ನುತ್ತ ಲಗಮಣ್ಣ ಅಂಗಡಿಗೆ ಓಡಿ ಪೇಪರ್ ಬಿಡಿಸಿದ. 'ಸರಿಯುತ್ತರ: ಸಂಕ್ಷೇಪ. ವಿಜೇತರು: ಸುಜಯ ಹಾಗೂ ಇತರರು, ಕಾಗವಾಡ. ಜಾಗದ ಅಭಾವದಿಂದ ಹೆಸರುಗಳನ್ನು ಸಂಕ್ಷೇಪಿಸಲಾಗಿದೆ.'

ಅವನಿಗೆ ಅಳುವೇ ಬಂತು. "ಮಾವಾರ, ಆ ಇತರರು ಅಂದ್ರ ನಾನಽ ರೀ."

"ಇತರರು ಅಂದ್ರ ಯಾರರೇ ಆಗಬಹುದಲ್ರಿ," ಎಂದು ಮುರಗೆಪ್ಪ ನಕ್ಕರು. "ಆ ಸುಜಯ ಭಾಳ ಶಾಣ್ಯಾ ಕಾಣತಾನ. ದಿನಾ ಒಂದ್ ತಾಸು ಅವನ ಕಡೆ ಹೋಗಿ ಕುಂದರ್ರಿ. ನಿಮಗೂ ನಾಕು ಶಬ್ದ ಬಂದಾವು."