ಗೌಡರ ಹೊಟ್ಟೆಹುಣ್ಣು, ನಿರಪರಾಧಿ ಮೆಣಸಿನಕಾಯಿ

ಆಳಂದದಲ್ಲಿ ದವಾಖಾನೆ ಇಟ್ಟುಕೊಂಡವನಿಗೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಿಲ್ಲ. ಹೊಟ್ಟೆನೋವಿನವರು ಬಂದರೆ ಸಾಕು. ಅದರಲ್ಲೂ ಭೂಸನೂರಿನ ಗೌಡರೊಬ್ಬರು ನನ್ನನ್ನು ನಗಿಸಿದ್ದೂ ಹೆಚ್ಚು, ಹೆದರಿಸಿದ್ದೂ ಹೆಚ್ಚು.

ಖಾರ

ಗೌಡರಿಗೆ ಹೊಟ್ಟೆಹುಣ್ಣು. ಗುಳಿಗೆ ನುಂಗಿದರೆ ಮಾಯುತ್ತಿತ್ತು, ಬಿಟ್ಟರೆ ಮತ್ತೆ ಹಾಜರ್. ಮೂರನೇ ಸಲ ಬಂದಾಗ ನಾನು ಗದರಿದೆ: "ಖಾರ ಬಿಟ್ಟಿಲ್ಲ ನೀವು."

"ಆರು ತಿಂಗಳಾತ್ರಿ ಸಾಹೇಬ್ರ, ಮೆಣಸಿನಕಾಯಿ ಮುಟ್ಟಿಲ್ಲ."

ನಾನು ನಂಬದೆ ಅವರ ಹೆಂಡತಿಯ ಕಡೆ ನೋಡಿದೆ.

"ಖರೇ ಅದರಿ. ಖಾರ ಒಳಗ ಹೋಗೂದು ಬಂದ್ ಆಗ್ಯದ. ಬಾಯಿಂದ ಹೊರಗ ಬರೂದು ಬಂದ್ ಆಗಿಲ್ಲ."

ಹುಕುಂ

ನಕ್ಕೆ, ಆದರೆ ತಲೆಯಲ್ಲಿ ಹುಳ ಹೊಕ್ಕಿತು. ಖಾರವಿಲ್ಲದೆ ಇಷ್ಟು ಹುಣ್ಣೇಕೆ? ಜೊತೆಗೆ ಭೇದಿ ಬೇರೆ. ಕಲಬುರಗಿಗೆ ಕಳಿಸಿ ರಕ್ತಪರೀಕ್ಷೆ, ಸ್ಕ್ಯಾನ್ ಮಾಡಿಸಿದೆ. ನನ್ನ ಅನುಮಾನ ನಿಜವಾಯಿತು: ಮೇದೋಜ್ಜೀರಕ ಗ್ರಂಥಿಯಲ್ಲಿ ಕಡಲೆಕಾಳಿನಷ್ಟು ಗಂಟು.

"ಆ ಗಂಟು ರಕ್ತದಾಗ ಒಂದು ಹಾರ್ಮೋನ್ ಬಿಡ್ತದ್ರಿ. ಹೊಟ್ಟಿಗೆ 'ಆಮ್ಲ ಮಾಡು, ಇನ್ನಷ್ಟು ಮಾಡು' ಅಂತ ಹುಕುಂ ಕೊಡ್ತದ" ಎಂದೆ.

ಗೌಡರು ಯೋಚಿಸಿದರು. "ಅಂದ್ರ ಒಬ್ಬಾಂವ ಕುಂತಲ್ಲೇ ಹುಕುಂ ಮಾಡ್ತಾನ, ಇನ್ನೊಬ್ಬಾಂವ ದುಡುದು ದುಡುದು ಹುಣ್ಣಾಗ್ತಾನ?"

"ನಮ್ಮ ಮನ್ಯಾಗೂ ಹಂಗೇ ಅದರಿ" ಎಂದರು ಹೆಂಡತಿ.

ರಿಸಲ್ಟ್

ಆಪರೇಷನ್‌ಗೆ ದಿನ ಗೊತ್ತಾಯಿತು. ಹಿಂದಿನ ವಾರವೇ ಗೌಡರು ರಕ್ತ ಕಾರಿಕೊಂಡಿದ್ದರು, ಇನ್ನು ತಡಮಾಡುವಂತಿರಲಿಲ್ಲ. ಕಲಬುರಗಿಯ ಆಸ್ಪತ್ರೆಯಲ್ಲಿ ಅವರು ಮಂಚದ ಮೇಲೆ ಮಲಗಿದ್ದರು. ನಾನು ಅವರ ಕೈ ಹಿಡಿದು ನಿಂತಿದ್ದೆ.

"ಇಂಥವು ಎಷ್ಟು ಮಾಡೀರಿ?" ಎಂದು ಗೌಡರು ಸರ್ಜನ್ನರನ್ನು ಕೇಳಿದರು.

ಅವರು ಪ್ರಾಮಾಣಿಕರು. "ಭಾಳ ಅಪರೂಪದ ರೋಗ್ರಿ. ಎರಡೇ."

ಹಿಡಿದ ಕೈಯನ್ನು ನಾನು ಇನ್ನಷ್ಟು ಬಿಗಿ ಹಿಡಿದೆ.

"ಅವರಿಬ್ರೂ ಹ್ಯಾಂಗದಾರ?"

"ಆರಾಮದಾರ."

ಗೌಡರು ಎದ್ದೇ ಕೂತರು. "ನೂರಕ್ಕ ನೂರು! ನಮ್ಮೂರ ಸಾಲ್ಯಾಗೂ ಇಂಥ ರಿಸಲ್ಟ್ ಬಂದಿಲ್ಲ. ನಡೀರಿ!"

ಗ್ಯಾಸ್

ಗಂಟು ತೆಗೆದರು. ಹುಣ್ಣು ಮಾಯಿತು, ಮತ್ತೆ ಬರಲಿಲ್ಲ. ಗೌಡರು ಅಫಜಲಪುರದಿಂದ ಜೇವರ್ಗಿಯವರೆಗೆ ಎಲ್ಲ ನೆಂಟರಿಗೂ "ಮೇದೋಜ್ಜೀರಕ" ಎಂಬ ಪದ ಕಲಿಸಿಬಂದರು. ಒಂದು ದಿನ ಅವರ ಬೀಗರು, ಅಳಿಯನ ಅಪ್ಪ, ಅಂದೋಲಾದಿಂದ ಹೊಟ್ಟೆ ಹಿಡಿದುಕೊಂಡು ಬಂದರು. ಎಲ್ಲ ಪರೀಕ್ಷೆ ಮಾಡಿಸಿ, ಖುಷಿಯಿಂದ ಹೇಳಿದೆ: "ಗಂಟಿಲ್ಲ, ಹುಣ್ಣಿಲ್ಲ. ಬರೇ ಗ್ಯಾಸ್."

ಬೀಗರ ಮುಖ ಇಳಿದುಹೋಯಿತು.

"ಗೌಡ್ರಿಗಿ ಅಷ್ಟು ದೊಡ್ಡ ಹೆಸರಿನ ಬೀಮಾರಿ, ಹುಡುಗನ ಕಡ್ಯಾಂವ ನಾ, ನನಗ ಬರೇ ಗ್ಯಾಸೇನ್ರಿ? ಬೀಗರ ಮುಂದ ಹ್ಯಾಂಗ ಮಾರಿ ತೋರಿಸ್ಲಿ? ಗ್ಯಾಸೇ ಇರ್ಲಿ ಸಾಹೇಬ್ರ, ಚೀಟ್ಯಾಗ ಮಾತ್ರ ಹೆಸರು ಒಂದೀಟು ಉದ್ದ ಬರೀರಿ!"