ನನ್ನ ಆರು ಸಾಲು ಪುಂಡಿಗೆ ಗಾಂಜಾ ಪಟ್ಟ ಕಟ್ಟಿದ ಅಧ್ಯಕ್ಷರಿಗೆ

ಇವರಿಗೆ,
ಮಾನ್ಯ ಅಧ್ಯಕ್ಷರು, ಹೆಂಪ್ ಬೆಳೆ ಸಾಧಕ-ಬಾಧಕ ಪರಿಶೀಲನಾ ಸಮಿತಿ, ರಾಮನಗರ.

ಇವರಿಂದ,
ವರಲಕ್ಷ್ಮಮ್ಮ, ಹಗ್ಗ ಹೊಸೆಯುವವರು, ಗುಡೇಮಾರನಹಳ್ಳಿ, ಮಾಗಡಿ ತಾಲ್ಲೂಕು.

ವಿಷಯ: ನನ್ನ ಬಿತ್ತನೆ ಬೀಜ ಹಿಂದಿರುಗಿಸುವ ಬಗ್ಗೆ ಹಾಗೂ ತಮ್ಮ ಕಣ್ಣುಗಳನ್ನು ಕೊಂಡಾಡುವ ಬಗ್ಗೆ.

ಮಾನ್ಯರೇ,

ತಾವು, ತಮ್ಮ ಸದಸ್ಯರು, ತಮ್ಮ ಎರಡು ಜೀಪುಗಳು ಮತ್ತು ಅವುಗಳಲ್ಲಿ ಬಂದಿದ್ದ ಬಿಸ್ಕತ್ತಿನ ಡಬ್ಬಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾವೂ ಕ್ಷೇಮ. ನಮ್ಮ ಅತ್ತೆ ಮುನಿಯಮ್ಮನವರು ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಗಾಂಜಾ ಸೇವಿಸಿದರೆಂದು ತಾವು ಬರೆಸಿಕೊಂಡು ಹೋದ ದಿನದಿಂದ ಊರಿನಲ್ಲಿ ಅವರ ವರ್ಚಸ್ಸು ಹೆಚ್ಚಿ, ಡೇರಿಗೆ ಹಾಲು ಹಾಕಲು ಹೋದರೆ ಹುಡುಗರೇ ಸರಿದು ಸಾಲಿನಲ್ಲಿ ಮುಂದೆ ಬಿಡುತ್ತಿದ್ದಾರೆ. ಅದಕ್ಕಾಗಿ ತಮಗೆ ಮೊದಲ ವಂದನೆ.

ತಮಗೆ ನಾಲ್ಕು ತಾಲ್ಲೂಕಿನ ಚಿಂತೆ ಇರುವುದರಿಂದ ನಡೆದದ್ದನ್ನು ನೆನಪಿಸುವುದು ನನ್ನ ಧರ್ಮ. ಹೋದ ಕಾರ್ತಿಕದಲ್ಲಿ ತಾವು ನಮ್ಮೂರ ಡೇರಿಯ ಮುಂದೆ ಶಾಮಿಯಾನ ಹಾಕಿಸಿ, ಗಾಂಜಾ ಜಾತಿಯದ್ದೇ ಆದರೂ ಅಮಲೇರಿಸದ ಹೆಂಪ್ ಎಂಬ ಗಿಡವನ್ನು ರೈತರು ಬೆಳೆಯಲು ಸರ್ಕಾರ ಬಿಡಬೇಕೋ ಬೇಡವೋ ಎಂದು ನಮ್ಮ ಅಭಿಪ್ರಾಯ ಕೇಳಲು ಬಂದಿರಿ, ಬಂದವರು ತಮ್ಮ ಅಭಿಪ್ರಾಯವನ್ನೇ ಎರಡು ತಾಸು ಹೇಳಿದಿರಿ. ಬಿಡಲೇಬೇಕೆಂಬ ಸದಸ್ಯರಾದ ಚೈತನ್ಯನವರು ಅದರ ನಾರಿನಿಂದ ಅಂಗಿ, ಕಾಗದ, ಇಟ್ಟಿಗೆ, ಕಡೆಗೆ ಕಾರಿನ ಬಾಗಿಲು ಕೂಡ ಆಗುತ್ತದೆಂದರು. ನಮ್ಮೂರಿಗೆ ಬಸ್ಸು ಹೊತ್ತಿಗೆ ಸರಿಯಾಗಿ ಬಾರದಿದ್ದರೂ ಕಾರಿನ ಬಾಗಿಲಾದರೂ ಬರುತ್ತದಲ್ಲ ಎಂದು ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕೂಡದೆಂಬ ಸದಸ್ಯರಾದ ಮುನಿಕೃಷ್ಣನವರು ಎದ್ದು, ಅದರ ಒಂದು ಎಲೆ ಒಳಗೆ ಬಂದರೂ ಇಡೀ ತಾಲ್ಲೂಕು ಮತ್ತಿನಲ್ಲಿ ಮಲಗಿಬಿಡುತ್ತದೆಂದು ಎಚ್ಚರಿಸಿದರು. ಮುದ್ದೆ ಊಟವಾದ ಮೇಲಿನ ಸಭೆಯಾದ್ದರಿಂದ, ಎಲೆ ಬರುವ ಮೊದಲೇ ಅರ್ಧ ಜನ ಮಲಗಿದ್ದರು.

ಆಮೇಲೆ ಹೊಲ ನೋಡುವ ಆಸೆ ತಮಗೆ ಬಂದದ್ದು ನನ್ನ ಸೌಭಾಗ್ಯ. ನನ್ನ ರಾಗಿ ಹೊಲದಲ್ಲಿ ಪುಂಡಿ ಗಿಡಗಳಿದ್ದವು. ಅದರ ನಾರಿನಿಂದ ದನದ ಹಗ್ಗ, ಅದರ ಚಿಗುರಿನಿಂದ ಹುಳಿ ಸಾರು, ಇದು ನಮ್ಮ ಅತ್ತೆಯ ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿ. ನಾರಿಗೆ ಬೇಕಾದದ್ದನ್ನು ಆಗಲೇ ಕೊಯ್ದಿದ್ದೆ. ಬೀಜಕ್ಕೆಂದು ಬಿಟ್ಟ ಆರು ಸಾಲು ಮಾತ್ರ ಕಾಯಿ ಬಲಿತು ನಿಂತಿದ್ದವು. ಪುಂಡಿಯ ಎಲೆ ಬೆರಳು ಬೆರಳಾಗಿ ಸೀಳಿರುವುದು ಅದರ ಹಣೆಬರಹ, ನಾನು ಸೀಳಿದ್ದಲ್ಲ. ತಾವು ಸಭೆಯಲ್ಲಿ ಹಂಚಿದ ಕರಪತ್ರದ ಚಿತ್ರವನ್ನು ಆ ಎಲೆಯ ಪಕ್ಕಕ್ಕೆ ಹಿಡಿದಿರಿ ನೋಡಿ, ಎರಡು ತಾಸು ಹಾವು-ಮುಂಗುಸಿಯಂತೆ ಕಚ್ಚಾಡಿದ್ದ ಸದಸ್ಯರಿಬ್ಬರೂ ಆ ಕ್ಷಣವೇ ಒಂದಾದರು. ಗೊಬ್ಬರವಿಲ್ಲದೆ ಆಳೆತ್ತರ ಬೆಳೆದಿದೆಯೆಂದು ಚೈತನ್ಯನವರು ಗಿಡವನ್ನೇ ತಬ್ಬಿಕೊಂಡು ಫೋಟೋ ತೆಗೆಸಿಕೊಂಡರು; ಪುಂಡಿಯ ದಂಟಿಗೆ ಸಣ್ಣ ಮುಳ್ಳಿರುತ್ತದೆಂದು ನಾನು ಹೇಳುವಷ್ಟರಲ್ಲಿ ಅವರಿಗೇ ತಿಳಿಯಿತು. ಮುನಿಕೃಷ್ಣನವರು ಮೂಗಿಗೆ ಕರ್ಚೀಫು ಒತ್ತಿಕೊಂಡು ಪೊಲೀಸರಿಗೆ ಫೋನು ಮಾಡಿದರು.

ನಮ್ಮ ಅತ್ತೆಯವರು ಮಾತ್ರ ಕೋಲೂರಿಕೊಂಡು ಬಂದು, "ಅಯ್ಯೋ, ಇದು ಪುಂಡಿ ಕಣಪ್ಪಾ, ಸಾರು ಮಾಡ್ಕೊಂಡು ಉಣ್ತೀವಿ, ನೀನೂ ಒಸಿ ತಿಂದು ನೋಡು" ಎಂದು ಒಂದೆಲೆ ಕಿತ್ತು ಅಗಿಯುತ್ತಾ ಇನ್ನೊಂದನ್ನು ಮುನಿಕೃಷ್ಣನವರ ಬಾಯಿಯ ಹತ್ತಿರ ಹಿಡಿಯಲು, ಅವರು ಹಿಂದಕ್ಕೆ ಹಾರಿ ಬದುವಿನಿಂದ ಕೆಳಗೆ ಬಿದ್ದರು, ನಮ್ಮ ಅತ್ತೆ ನಕ್ಕರು. ಆಮೇಲೆ ಬಂದ ಪೊಲೀಸರ ಮಹಜರಿನಲ್ಲಿ "ಸದರಿ ವೃದ್ಧೆಯು ಸ್ಥಳದಲ್ಲಿಯೇ ಸೇವಿಸಿ, ತದನಂತರ ಕಾರಣವಿಲ್ಲದೆ ನಕ್ಕಿರುತ್ತಾಳೆ" ಎಂದು ಬರೆಯಲಾಯಿತು. ಕಾರಣವು ಬದುವಿನ ಕೆಳಗೆ ಅಂಗಾತ ಮಲಗಿತ್ತು ಎಂಬುದನ್ನು ಬರೆಯಲು ಬಹುಶಃ ಕಾಗದದಲ್ಲಿ ಜಾಗವಿರಲಿಲ್ಲ.

ಗಿಡಗಳನ್ನೆಲ್ಲ ಕೊಯ್ದು ಹೊರೆ ಮಾಡಿದ ಮೇಲೆ ತಮ್ಮ ಬಳಿ ಹಗ್ಗವಿಲ್ಲವೆಂದು ತಿಳಿಯಿತು. ಮನೆಬಾಗಿಲಿಗೆ ಬಂದವರು ಬರಿಗೈಲಿ ನಿಲ್ಲಬಾರದೆಂದು ಕೊಟ್ಟಿಗೆಗೆ ಓಡಿ, ನಮ್ಮ ಗೌರಿ ಹಸುವಿನ ಹಗ್ಗವನ್ನೇ ತಂದು ಕೊಟ್ಟೆ. ಆ ಹಗ್ಗ ಅದೇ ಪುಂಡಿಯ ಹಿಂದಿನ ವರ್ಷದ ನಾರು. ಆದರೂ ಮಹಜರಿನಲ್ಲಿ ಗಿಡ "ಶಂಕಿತ ಮಾದಕ ವಸ್ತು"ವಾಯಿತು, ಹಗ್ಗ "ಸಾದಾ ಹಗ್ಗ ಒಂದು" ಆಯಿತು. ಒಂದೇ ವಂಶದಲ್ಲಿ ತಾಯಿ ಸರ್ಕಾರಿ ಕೆಲಸಕ್ಕೆ ಸೇರಿ ಮಕ್ಕಳನ್ನು ಕಟ್ಟಿ ಒಯ್ದದ್ದನ್ನು ನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ, ಅಧ್ಯಕ್ಷರೇ.

ಒಂದು ಮಾತನ್ನು ಮಾತ್ರ ನಗದೆ ಬರೆಯುತ್ತಿದ್ದೇನೆ. ಊರಿನವರೆಲ್ಲ ಪ್ಲಾಸ್ಟಿಕ್ ಹಗ್ಗಕ್ಕೆ ಹೋಗಿ ವರ್ಷಗಳಾದವು. ಪುಂಡಿ ಬೀಜ ಉಳಿದಿದ್ದದ್ದು ಆ ಆರು ಸಾಲಿನ ಕಾಯಿಯೊಳಗೆ ಮಾತ್ರ. ಪರೀಕ್ಷೆಗೆ ಹೋದ ಎಲೆಯ ವರದಿ ಏಳು ತಿಂಗಳಾದರೂ ಬಂದಿಲ್ಲ, ಆರಿದ್ರಾ ಮಳೆಗೆ ರಾಗಿ ಬಿತ್ತಬೇಕು, ರಾಗಿಯ ಜೊತೆ ಬಿತ್ತಲು ನನ್ನ ಮನೆಯಲ್ಲಿ ಒಂದು ಹಿಡಿ ಪುಂಡಿ ಬೀಜವಿಲ್ಲ. ಈ ವರ್ಷ ಬಿತ್ತದಿದ್ದರೆ ನನ್ನ ಕೈಯ ಹಗ್ಗ ನನ್ನ ಜೊತೆಗೇ ಮುಗಿಯುತ್ತದೆ ಎಂದು ನನಗೆ ಭಯವಾಗಿದೆ.

ಆದ್ದರಿಂದ ನನ್ನ ಸಣ್ಣ ಕೋರಿಕೆಗಳು. ಮೊದಲನೆಯದಾಗಿ ನನ್ನ ಬೀಜದ ಕಾಯಿಗಳನ್ನು ಹಿಂದಕ್ಕೆ ಕೊಡಿಸಿ. ಹೆಂಪ್ ಬೆಳೆಯಲು ತಾವು ಬಿಡಿ ಅಥವಾ ಬಿಡಬೇಡಿ, ಬಿಟ್ಟರೆ ನಾನೇ ಒಂದು ಸಾಲು ಹಾಕಿ ಅದು ನಮ್ಮ ಪುಂಡಿಯಷ್ಟು ಗಟ್ಟಿಯೋ ಎಂದು ಹೊಸೆದು ನೋಡುತ್ತೇನೆ. ಆದರೆ ಅಲ್ಲಿಯವರೆಗೆ ಪುಂಡಿಯು ಬೇರೆ ಆಕಾರದ ಎಲೆ ಬಿಡತಕ್ಕದ್ದೆಂದು ಅದಕ್ಕೊಂದು ಆದೇಶ ಹೊರಡಿಸಿ, ಪ್ರತಿಯನ್ನು ಹರಳು ಗಿಡಕ್ಕೂ ಮರಗೆಣಸಿಗೂ ಕಳಿಸಬೇಕು, ಏಕೆಂದರೆ ಅವುಗಳಿಗೂ ಬೆರಳುಗಳಿವೆ. ನನ್ನ ಕೈಯಲ್ಲೂ ಐದಿವೆ. ಪರೀಕ್ಷೆಗೆ ಬೇಕಾದರೆ ತಿಳಿಸಿ, ಬಿತ್ತನೆ ಮುಗಿಸಿಕೊಂಡು ಕಳಿಸುತ್ತೇನೆ.

ಇಷ್ಟು ಬರೆದು ಲಕೋಟೆ ಅಂಟಿಸುವ ಹೊತ್ತಿಗೆ ತಮ್ಮ ಕಚೇರಿಯ ಕಸ ಗುಡಿಸುವ ನಮ್ಮೂರ ಸುಚಿತ್ರಾ ಒಂದು ಶುಭವಾರ್ತೆ ತಂದಳು. ಠಾಣೆಯಲ್ಲಿ ಜಾಗವಿಲ್ಲವೆಂದು ನನ್ನ ಹೊರೆಯನ್ನು ತಾವು ಕಚೇರಿಯ ಹಿಂದಿನ ಬಯಲಿನಲ್ಲಿ ಒಗೆದಿದ್ದಿರಂತೆ, ಬೇಸಿಗೆಯ ಬಿಸಿಲಿಗೆ ಕಾಯಿ ಸಿಡಿದವಂತೆ, ರೋಹಿಣಿ ಮಳೆಗೆ ಮೊಳೆತು ಈಗ ಗೋಡೆಯಿಂದ ತಮ್ಮ ಸಮಿತಿಯ ಬೋರ್ಡಿನವರೆಗೂ ಹಸಿರೋ ಹಸಿರಂತೆ! ನಾನು ಕುಣಿದುಬಿಟ್ಟೆ, ಅಧ್ಯಕ್ಷರೇ, ಕೈಯಲ್ಲಿದ್ದ ಅಂಟಿನ ಸಮೇತ ಕುಣಿದೆ. ತಮಗದು ಗೊತ್ತಾಗದಿರುವುದು ತಪ್ಪಲ್ಲ, ಪುಂಡಿಯ ಎಳೆಯ ಎಲೆ ದುಂಡಗಿರುತ್ತದೆ, ಯಾವ ಕರಪತ್ರದ ಚಿತ್ರವನ್ನೂ ಹೋಲುವುದಿಲ್ಲ. ಮೊಣಕಾಲೆತ್ತರ ಬಂದ ಮೇಲೆ ಬೆರಳು ಬಿಡುತ್ತದೆ. ಯಾರ ನೆಲದಲ್ಲಿ ಗಿಡವಿದೆಯೋ ಅವರೇ ಆರೋಪಿ ಎಂದು ಅಂದು ಬದುವಿನ ಮೇಲೆ ನಿಂತು ತಾವೇ ನನಗೆ ತಿಳಿಸಿಕೊಟ್ಟಿದ್ದೀರಿ. ತಮಗೆ ಸುಮಾರು ಒಂದು ತಿಂಗಳಿದೆ. ದಯವಿಟ್ಟು ಕೀಳಿಸಬೇಡಿ, ಈ ಭಾನುವಾರ ನಾನೇ ಬುಟ್ಟಿ ತಂದು ಬೇರು ಸಮೇತ ಎತ್ತಿ ನನ್ನ ಹೊಲಕ್ಕೆ ಒಯ್ಯುತ್ತೇನೆ, ಗೇಟು ತೆಗೆಸಿದರೆ ಸಾಕು.

ಗೇಟಿನ ಹೊರಗೆ ಬುಟ್ಟಿ ಹಿಡಿದು ಕಾಯಲಿರುವ,
ತಮ್ಮ ವಿಶ್ವಾಸಿ,
ವರಲಕ್ಷ್ಮಮ್ಮ

ಮರೆತ ಮಾತು: ನಮ್ಮ ಕಡೆ ಹಸು ಮಾರಿದರೂ ಅದರ ಹಗ್ಗ ಕೊಡುವುದಿಲ್ಲ, ಹಗ್ಗ ಹೋದರೆ ಕೊಟ್ಟಿಗೆಯ ಲಕ್ಷ್ಮಿಯೇ ಹೋಗುತ್ತಾಳೆ. ಅಂದಿನ ಗಡಿಬಿಡಿಯಲ್ಲಿ ನಾನು ಕೊಟ್ಟುಬಿಟ್ಟೆನೆಂದು ಅತ್ತೆ ಇಂದಿಗೂ ಬೈಯುತ್ತಾರೆ. ಭಾನುವಾರ ಗಿಡದ ಜೊತೆ ಅದನ್ನೂ ಕೊಟ್ಟುಬಿಡಿ. ಗೇಟು ತೆಗೆಯದಿದ್ದರೆ ಮಾತ್ರ ಹಗ್ಗ ತಮ್ಮಲ್ಲೇ ಇರಲಿ, ತಿಂಗಳು ಕಳೆದು ತಮ್ಮ ಆವರಣದಲ್ಲಿ ಮಹಜರು ನಡೆಯುವ ದಿನ ಹೊರೆ ಕಟ್ಟಲು ಬೇಕಾಗುತ್ತದೆ. ಆ ದಿನವೂ ಬಂದು ನಗಲು ನಮ್ಮ ಅತ್ತೆ ಒಪ್ಪಿದ್ದಾರೆ. ಈ ಸಲ ಕಾರಣವನ್ನು ತಪ್ಪದೆ ಬರೆಸಬೇಕಾಗಿ ವಿನಂತಿ.